ಮೂರನೇ ಪ್ರಶ್ನೆಗೂ ನಿಲ್ಲುವ ಕಥೆ

(ಚಿಕ್ಕಮಗಳೂರಿನಲ್ಲಿ ಸ್ವಸಹಾಯ ಸಂಘದ ಹೆಣ್ಣುಮಕ್ಕಳು, ಹೋಂಸ್ಟೇ ನಡೆಸುವವರು, ಸಣ್ಣ ಅಂಗಡಿಯವರು ಸೇರಿದ್ದ ಸಭೆಯಲ್ಲಿ ಆಡಿದ ಮಾತು. ಬರೆದು ಕೊಡಿ ಎಂದು ಹಲವರು ಕೇಳಿದ್ದರಿಂದ ಇಲ್ಲಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಒಂದು ಸುಳ್ಳಿನಿಂದ ಶುರು ಮಾಡುತ್ತೇನೆ. ನಾನೇ ಹೇಳಿದ ಸುಳ್ಳು.

ಕಾಫಿಪುಡಿ ಅಂಗಡಿ ಹಾಕಿ ಎರಡನೇ ವರ್ಷ. ಬೆಂಗಳೂರಿನ ಒಂದು ಮೇಳದಲ್ಲಿ ಮಳಿಗೆ ತೆಗೆದುಕೊಂಡಿದ್ದೆ. ಮೇಜಿನ ಮೇಲೆ ಕಾಲು ಕಿಲೋ, ಅರ್ಧ ಕಿಲೋ ಪ್ಯಾಕೆಟ್ ಜೋಡಿಸಿದ್ದೆ. ಪ್ಯಾಕೆಟ್ ಮೇಲೆ ಬೆಟ್ಟ, ಮಂಜು, ಹಬೆಯಾಡುವ ಲೋಟ. ಕೆಳಗೆ 'ನಮ್ಮ ತೋಟದಿಂದ ನಿಮ್ಮ ಮನೆಗೆ' ಅಂತ ಒಂದು ಸಾಲು. ಅದನ್ನು ಪ್ರಿಂಟ್ ಮಾಡಿಕೊಟ್ಟವರೇ ಸೇರಿಸಿದ್ದರು. ಎಲ್ಲರೂ ಹಾಕಿಸ್ತಾರೆ ಅಂದರು. ನಾನೂ ಹೂಂ ಅಂದೆ.

ವಯಸ್ಸಾದ ಗಂಡ ಹೆಂಡತಿ ಬಂದರು. ಯಜಮಾನರು ಪ್ಯಾಕೆಟ್ ಕೈಗೆತ್ತಿಕೊಂಡು ಕೇಳಿದರು, "ತೋಟ ಎಲ್ಲಿ ಬರುತ್ತಮ್ಮಾ?"

"ಆಲ್ದೂರು ಕಡೆ ಸಾರ್."

"ಎಷ್ಟು ಎಕರೆ?"

"ಹನ್ನೆರಡು."

"ಹೌದಾ! ಈ ಸಲ ನಿಮ್ಮಲ್ಲಿ ಹೂ ಮಳೆ ಯಾವತ್ತು ಬಿತ್ತು?"

ನನ್ನ ಬಾಯಿ ಕಟ್ಟಿತು. ನೀವು ಈ ಊರಿನವರು, ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಬೇಸಿಗೆಯ ಮೊದಲಲ್ಲಿ ಒಂದು ಹದವಾದ ಮಳೆ ಬೀಳಬೇಕು. ಅದಾಗಿ ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬಿಳಿ ಹೂ. ಹಿಂದೆಯೇ ಇನ್ನೊಂದು ಮಳೆ ಆಗದಿದ್ದರೆ ಕಾಯಿ ಕಚ್ಚುವುದು ಕಷ್ಟ. ಇಡೀ ವರ್ಷದ ಫಸಲು ಆ ಎರಡು ಮಳೆಯ ಮೇಲೆ ನಿಂತಿರುತ್ತದೆ. ಸ್ವಂತ ತೋಟ ಇರುವವರನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಆ ತಾರೀಕು ಹೇಳುತ್ತಾರೆ. ನಾನು ಹೇಳಲಿಲ್ಲ. ಯಾಕೆಂದರೆ ನನಗೆ ತೋಟವೇ ಇರಲಿಲ್ಲ. ಈಗಲೂ ಇಲ್ಲ.

ಅವರು ಬೈಯಲಿಲ್ಲ. ಪ್ಯಾಕೆಟ್ಟನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಮುಂದೆ ಹೋದರು. ಆ ಮೆಲ್ಲಗೆ ಇಟ್ಟದ್ದು ನನಗೆ ಇವತ್ತಿಗೂ ಮರೆತಿಲ್ಲ.

ಆಮೇಲೆ ತುಂಬಾ ದಿನ ಯೋಚನೆ ಮಾಡಿದೆ. ಗಿರಾಕಿ ಮೊದಲನೇ ಪ್ರಶ್ನೆಯನ್ನು ಮಾತಿಗೆ ಕೇಳುತ್ತಾರೆ. ಎರಡನೆಯದನ್ನು ಕುತೂಹಲಕ್ಕೆ ಕೇಳುತ್ತಾರೆ. ಮೂರನೇ ಪ್ರಶ್ನೆ ಬರುವಷ್ಟರಲ್ಲಿ ಅವರು ನಮ್ಮನ್ನು ನಂಬಲು ತಯಾರಾಗಿರುತ್ತಾರೆ. ನಮ್ಮ ವ್ಯಾಪಾರದ ಹುಟ್ಟಿನ ಕಥೆ ಅಲ್ಲಿಯವರೆಗೆ ಬರಬೇಕು. ಬರದಿದ್ದರೆ ಆ ಕಥೆ ನಮಗೆ ಬೇಡ. ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ. ಉಳಿದದ್ದು ಇದನ್ನು ನಾನು ಹೇಗೆ ಕಲಿತೆ ಅನ್ನುವುದು.

ಈ ಊರಲ್ಲಿ ಯಾರ ಕಾಫಿ ಪ್ಯಾಕೆಟ್ ತಿರುಗಿಸಿ ನೋಡಿದರೂ ಬಾಬಾ ಬುಡನ್ ಕಥೆ ಇರುತ್ತದೆ. ಮೆಕ್ಕಾ ಯಾತ್ರೆಗೆ ಹೋದವರು ಯೆಮನ್‌ನಿಂದ ಏಳು ಕಾಫಿ ಬೀಜ ತಂದು ನಮ್ಮ ಗಿರಿಯಲ್ಲಿ ಬಿತ್ತಿದರು ಅಂತ. 1670ರ ಆಸುಪಾಸು ಎನ್ನುತ್ತಾರೆ. ಅಲ್ಲಿಂದ ಹಸಿ ಬೀಜ ಹೊರಗೆ ಬಿಡುತ್ತಿರಲಿಲ್ಲವಂತೆ, ಮೈಗೆ ಕಟ್ಟಿಕೊಂಡು ತಂದರಂತೆ. ಬಾಯಿಂದ ಬಾಯಿಗೆ ಬಂದ ಕಥೆ. ಇದರಲ್ಲಿ ಎಲ್ಲರಿಗೂ ನೆನಪಿರುವುದು ಯಾವುದು ಹೇಳಿ? ಏಳು. 'ಸ್ವಲ್ಪ ಬೀಜ ತಂದರು' ಅಂತ ಇದ್ದಿದ್ದರೆ ಇಷ್ಟು ಕಾಲ ಬರುತ್ತಿತ್ತಾ? ಏಳು ಅಂದ ಕೂಡಲೇ ಅಂಗೈ ಕಾಣುತ್ತದೆ, ಅಂಗೈಯಲ್ಲಿ ಬೀಜ ಕಾಣುತ್ತದೆ.

ಎಷ್ಟು ಒಳ್ಳೆಯದಾದರೂ ಅದು ಊರಿನ ಕಥೆ. ನಮ್ಮೆಲ್ಲರದ್ದೂ ಹೌದು, ಹಾಗಾಗಿ ಒಬ್ಬೊಬ್ಬರದ್ದೂ ಅಲ್ಲ. ಅದನ್ನು ಓದಿ ಗಿರಾಕಿ ಚಿಕ್ಕಮಗಳೂರನ್ನು ಇಷ್ಟಪಡಬಹುದು. ಆದರೆ ಪಕ್ಕದ ಅಂಗಡಿಯ ಪ್ಯಾಕೆಟ್ ಮೇಲೂ ಅದೇ ಇದೆಯಲ್ಲ?

ಇಲ್ಲಿ ಒಂದು ವಿಷಯ ಹೇಳಲೇಬೇಕು. ನಮ್ಮ ತೋಟಗಳು ತಮ್ಮ ಕಥೆ ಹೇಳಿಕೊಳ್ಳಲು ಶುರು ಮಾಡಿದ್ದೇ ಈಚೆಗೆ. 1942ರ ಕಾಫಿ ಕಾಯ್ದೆ ಬಂದ ಮೇಲೆ ಬೆಳೆಗಾರರು ಕಾಫಿಯನ್ನು ಸರ್ಕಾರದ ಕಾಫಿ ಮಂಡಳಿಯ, ಎಲ್ಲರದ್ದೂ ಒಟ್ಟು ಸೇರುವ ಪೂಲ್‌ಗೆ ಕೊಡಬೇಕಿತ್ತು. ಮಾರುವುದು ಮಂಡಳಿ. ದುಡ್ಡು ಕಂತಿನಲ್ಲಿ ಬರುತ್ತಿತ್ತು. ಬೆಲೆಗೆ ಒಂದು ಭದ್ರತೆ ಇತ್ತು ಅಂತ ಹಳಬರು ಈಗಲೂ ಹೇಳುತ್ತಾರೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಯಾರ ತೋಟದ ಕಾಫಿ ಯಾವುದು ಅನ್ನುವುದು ಆ ರಾಶಿಯಲ್ಲಿ ಕರಗಿಹೋಗುತ್ತಿತ್ತು. 1990ರ ದಶಕದಲ್ಲಿ ಇದು ಹಂತ ಹಂತವಾಗಿ ಸಡಿಲವಾಗಿ, 1996ರ ಹೊತ್ತಿಗೆ ಮಾರಾಟ ಪೂರ್ತಿ ಮುಕ್ತವಾಯಿತು. ಅಂದರೆ ಸುಮಾರು ಐವತ್ತು ವರ್ಷ ನಮ್ಮ ಕಾಫಿಗೆ ತನ್ನ ಮನೆಯ ಹೆಸರು ಇರಲಿಲ್ಲ. ಹೇಳಿ ಅಭ್ಯಾಸವಿಲ್ಲದವರು ಎದುರಿಗೆ ಕಂಡ ಸಾಲನ್ನೇ ಎತ್ತಿಕೊಳ್ಳುತ್ತಾರೆ. ನಾನೂ ಹಾಗೇ ಎತ್ತಿಕೊಂಡೆ.

ಆ ಮೇಳ ಮುಗಿಸಿ ಬಂದ ಮೇಲೆ ಒಂದು ಭಾನುವಾರ ನಂಟರನ್ನು ಕರೆದುಕೊಂಡು ಬೇಲೂರಿಗೆ ಹೋಗಿದ್ದೆ. ಚಿಕ್ಕಂದಿನಿಂದ ನೋಡಿದ ದೇವಸ್ಥಾನ. ಅವತ್ತು ಬೇರೆ ಕಣ್ಣಿನಲ್ಲಿ ನೋಡಿದೆ.

ಒಳಗೆ ಕಾಲಿಟ್ಟರೆ ಎದುರಿಗೇ ಸಳ. ಮೃಗದ ಜೊತೆ ಸೆಣಸುತ್ತಿರುವ ಹುಡುಗ. ಸುದತ್ತ ಮುನಿ 'ಹೊಯ್ ಸಳ' ಅಂದದ್ದು, ಅವನು ಹೊಡೆದದ್ದು, ಅದರಿಂದಲೇ ಹೊಯ್ಸಳ ಎಂಬ ಹೆಸರು ಬಂದದ್ದು, ಇದನ್ನೆಲ್ಲ ನಾವು ಮೂರನೇ ಕ್ಲಾಸಿನಲ್ಲೇ ಕೇಳಿದ್ದೇವೆ. ಅದು ನಡೆಯಿತು ಎನ್ನುವ ಸೊಸೆವೂರು ಬೇರೆಲ್ಲೂ ಇಲ್ಲ, ನಮ್ಮ ಮೂಡಿಗೆರೆ ತಾಲ್ಲೂಕಿನ ಅಂಗಡಿ. ಹಳೆಯ ಶಾಸನಗಳಲ್ಲಿ ಹೆಸರು 'ಪೊಯ್ಸಳ' ಎಂದಿದೆ. ಇತಿಹಾಸ ಬಲ್ಲವರು ಇದನ್ನು ಐತಿಹ್ಯ ಎಂದೇ ನೋಡುತ್ತಾರೆ. ಆದರೂ ಒಂದು ರಾಜಮನೆತನ ಬೆಟ್ಟದ ಊರಿನ ತನ್ನ ಹುಟ್ಟನ್ನು ಮುಚ್ಚಿಡಲಿಲ್ಲ. ಬೇಲೂರಿನಲ್ಲೂ ಹಳೇಬೀಡಿನಲ್ಲೂ ಅದನ್ನೇ ಕಲ್ಲಿನಲ್ಲಿ ಕಡೆಸಿ ನಿಲ್ಲಿಸಿತು. 2023ರಲ್ಲಿ ಈ ಗುಡಿಗಳು ಯುನೆಸ್ಕೋ ಪಟ್ಟಿಗೆ ಸೇರಿದವು. ದೂರದಿಂದ ಬಂದವರೂ ಮೊದಲು ಕೇಳುವುದು, ಈ ಹುಡುಗ ಯಾರು ಅಂತಲೇ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು. ಅಲ್ಲೇ ಪಕ್ಕದ ಗುಡಿಯಲ್ಲಿ ಕಪ್ಪೆ ಚೆನ್ನಿಗರಾಯ ಇದ್ದಾನೆ. ಜಕಣಾಚಾರಿ ಕೆತ್ತಿದ ಮೂರ್ತಿಯಲ್ಲಿ ದೋಷ ಇದೆ ಅಂತ ಒಬ್ಬ ಹುಡುಗ ಹೇಳುತ್ತಾನೆ. ಮೂರ್ತಿಗೆ ಗಂಧ ಬಳಿಯುತ್ತಾರೆ. ಎಲ್ಲ ಕಡೆ ಒಣಗಿ, ಹೊಕ್ಕುಳ ಹತ್ತಿರ ಮಾತ್ರ ಹಸಿಯಾಗಿ ಉಳಿಯುತ್ತದೆ. ಅಲ್ಲಿ ಉಳಿ ಇಟ್ಟರೆ ಕಪ್ಪೆ, ನೀರು, ಮರಳು. ಮುಂದಿನದು ನಿಮಗೆ ಗೊತ್ತು. ಗೈಡ್ ಈ ಕಥೆ ಹೇಳುವಾಗ ಶಾಲೆ ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ಆ ಹೊಕ್ಕುಳ ನೋಡುತ್ತಾರೆ.

ಆದರೆ ದೊಡ್ಡ ಗುಡಿಯ ಹೊರಗಿನ ಗೋಡೆಯಲ್ಲಿ ನಿಜವಾದ ಶಿಲ್ಪಿಗಳ ಹೆಸರು ಕೆತ್ತಿದೆ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ. ನಾವು ಬಾಯಿಬಿಟ್ಟು ನೋಡುವ ಮದನಿಕೆಗಳಲ್ಲಿ ಹಲವು ಈ ಅಪ್ಪ ಮಗನ ಕೈಕೆಲಸ. ಗುಡಿ ಕಟ್ಟಿಸಲು ತೊಡಗಿದ್ದು 1117ರಲ್ಲಿ. ಒಂಬೈನೂರು ವರ್ಷದಿಂದ ಆ ಹೆಸರುಗಳು ಅಲ್ಲೇ ಇವೆ. ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಕೈ ಎತ್ತಿ ನೋಡೋಣ. (ನಾಲ್ಕು ಕೈ ಎದ್ದವು.) ಜಕಣಾಚಾರಿ ಇದ್ದನೋ ಇಲ್ಲವೋ ಅಂತಲೇ ಚರ್ಚೆ ಇದೆ. ಅವನು ಎಲ್ಲರಿಗೂ ಗೊತ್ತು. ಇದ್ದೇ ಇದ್ದ ದಾಸೋಜ ಯಾರಿಗೂ ಗೊತ್ತಿಲ್ಲ. ನನಗೆ ಅವತ್ತು ನಿಜಕ್ಕೂ ಸಂಕಟವಾಯಿತು.

ಯಾಕೆ ಹೀಗಾಯಿತು? ದಾಸೋಜ ಹೆಸರು ಬರೆದ, ಊರು ಬರೆದ. ಏನು ನಡೆಯಿತು ಅಂತ ಬರೆಯಲಿಲ್ಲ. ಅಪ್ಪ ಮಗ ಒಟ್ಟಿಗೆ ಕೆಲಸ ಮಾಡುವಾಗ ಒಂದು ದಿನವಾದರೂ ಜಗಳ ಆಗಿರಲ್ವಾ? ಮಗನ ಕೈ ತನಗಿಂತ ಚೆನ್ನಾಗಿದೆ ಅಂತ ಅಪ್ಪನಿಗೆ ಒಂದು ಸಂಜೆಯಾದರೂ ಅನಿಸಿರಲ್ವಾ? ಅಂಥ ಒಂದು ಸಂಗತಿ ಉಳಿದಿದ್ದರೆ ಸಾಕಿತ್ತು. ಜಕಣಾಚಾರಿಗೆ ಆ ಹಸಿ ಗಂಧದ ಚುಕ್ಕೆ ಇದೆ. ಅದೊಂದು ಅವನನ್ನು ಹೊತ್ತುಕೊಂಡು ಬಂದಿದೆ.

ಈಗ ನಮ್ಮ ಬೋರ್ಡು ನೋಡಿಕೊಳ್ಳೋಣ. 'ಸ್ಥಾಪನೆ 1998'. 'ಮೂರು ತಲೆಮಾರಿನ ರುಚಿ'. 'ಮಲೆನಾಡಿನ ಶುದ್ಧ ಉತ್ಪನ್ನ'. ನಿಜವೇ ಇರಬಹುದು. ದಾಸೋಜನ ಸಹಿಯೂ ನಿಜವೇ. ಆದರೆ ಅಲ್ಲಿ ಏನೂ ನಡೆಯುವುದಿಲ್ಲ. ಗಿರಾಕಿ ಮನೆಗೆ ಹೋಗಿ ಹೆಂಡತಿಗೋ ಗೆಳತಿಗೋ ಹೇಳಲು ಅಲ್ಲಿ ಏನೂ ಸಿಗುವುದಿಲ್ಲ.

ಹಾಗಾದರೆ ನನ್ನ ಹತ್ತಿರ ಏನಿತ್ತು?

ನನ್ನ ಅವ್ವ ಕಾಫಿ ತೋಟದಲ್ಲಿ ಕೂಲಿ ಮಾಡಿದವಳು. ನಾನು ಹುಟ್ಟಿದ್ದು ತೋಟದ ಲೈನು ಮನೆಯಲ್ಲಿ, ಅಂದರೆ ಕೂಲಿಯವರಿಗೆ ಸಾಲಾಗಿ ಕಟ್ಟಿದ ಮನೆಗಳಲ್ಲಿ ಒಂದರಲ್ಲಿ. ಕೊಯ್ಲಿನ ಕಾಲದಲ್ಲಿ ಸೊಂಟಕ್ಕೆ ಚೀಲ ಕಟ್ಟಿಕೊಂಡು ಹೊರಟರೆ ಕಾಫಿ ಅಳೆದು ಕೊಟ್ಟು ಬರುವುದು ಸಂಜೆಗೆ. ಕೊಯ್ಲು ಮುಗಿದ ಮೇಲೆ ನೆಲಕ್ಕೆ ಉದುರಿದ್ದನ್ನು ಹೆಕ್ಕುತ್ತಿದ್ದರು. ಅಂಥ ಉದುರು ಕಾಫಿಯಲ್ಲಿ ಸ್ವಲ್ಪ ಮನೆಗೆ ಸಿಗುತ್ತಿತ್ತು. ಅವ್ವ ಅದನ್ನು ಒಣಗಿಸಿ, ಕುಟ್ಟಿ, ಕಬ್ಬಿಣದ ಬಾಣಲೆಯಲ್ಲಿ ಹುರಿಯುತ್ತಿದ್ದಳು. ನಾವು ಕುಡಿದದ್ದು ಬೆಲ್ಲದ ಕಾಫಿ. ಹಾಲು ಹಾಕಿದರೆ ಹಬ್ಬ.

ಮೇಳದಲ್ಲಿ ನಾನು ಮುಚ್ಚಿಟ್ಟದ್ದು ಇದನ್ನೇ. ತೋಟ ಇರುವವರ ಮಗಳು ಅಂದರೆ ಕಾಫಿ ಖರ್ಚಾಗುತ್ತದೆ, ಕೂಲಿಯವಳ ಮಗಳು ಅಂದರೆ ಯಾರು ತಗೋತಾರೆ ಅಂದುಕೊಂಡಿದ್ದೆ.

ಬೇಲೂರಿನಿಂದ ಬಂದ ಮೇಲೆ ಒಂದು ಕಾಗದ ಬರೆದೆ. ಅವ್ವನ ಕಷ್ಟವನ್ನೆಲ್ಲ ಬರೆದೆ. ಜಿಗಣೆ, ಮಳೆಯಲ್ಲಿ ಕಂಬಳಿ ಕೊಪ್ಪೆ, ಮೂರು ತಿಂಗಳ ಮಗುವನ್ನು ಮರದ ಕೆಳಗೆ ಮಲಗಿಸಿದ್ದು, ಎಲ್ಲ. ಓದಿದರೆ ನನಗೇ ಅಳು ಬರುತ್ತಿತ್ತು. ಪ್ಯಾಕೆಟ್ ಹಿಂದೆ ಹಾಕಿಸಬೇಕು ಅಂತ ಅವ್ವನಿಗೆ ಓದಿ ಹೇಳಿದೆ.

ಅವ್ವ ಪೂರ್ತಿ ಕೇಳಿದಳು. ಕೇಳಿ ಅಂದಳು, "ನನ್ನ ಕಷ್ಟ ಮಾರಬ್ಯಾಡ ಕಣೇ."

ನಾನು ಸುಮ್ಮನಾದೆ. ಅವಳೇ ಮುಂದುವರಿಸಿದಳು. "ಕಷ್ಟ ಲೈನಲ್ಲಿ ಎಲ್ಲರ್ಗೂ ಇತ್ತು. ಕಾಫಿ ಹುರಿಯೋಕೆ ಎಲ್ಲರ್ಗೂ ಬರ್ತಿತ್ತಾ? ಅದನ್ನ ಹೇಳು."

ಅಲ್ಲಿಯವರೆಗೆ ನನಗೆ ಇದು ಹೊಳೆದೇ ಇರಲಿಲ್ಲ. ಲೈನಿನ ಎಂಟು ಮನೆಯವರೂ ಹುರಿಯುವಾಗ ಅವ್ವನನ್ನು ಕರೆಯುತ್ತಿದ್ದರು. ಅವಳು ಬಾಣಲೆ ಹತ್ತಿರ ಕೂರುತ್ತಲೂ ಇರಲಿಲ್ಲ. ಬಾಗಿಲಲ್ಲಿ ನಿಂತು ವಾಸನೆ ಹಿಡಿಯುತ್ತಿದ್ದಳು. ಮೊದಲು ಒಣಹುಲ್ಲಿನ ವಾಸನೆ. ಆಮೇಲೆ ರೊಟ್ಟಿ ಕಾದ ಹಾಗೆ. ಆಮೇಲೆ ಬೀಜ ಚಟ್ ಚಟ್ ಅಂತ ಸಿಡಿಯಲು ಶುರು. ಬೀಜದ ಬಿಸಿ ಸುಮಾರು ಇನ್ನೂರು ಡಿಗ್ರಿ ಮುಟ್ಟಿದಾಗ ಈ ಸಿಡಿತ ಬರುತ್ತದೆ ಅಂತ ನಾನು ಮೆಷಿನ್ ತಂದ ಮೇಲೆ ತಿಳಿದುಕೊಂಡೆ. ಅವ್ವನಿಗೆ ಡಿಗ್ರಿ ಗೊತ್ತಿರಲಿಲ್ಲ. ಬೆಲ್ಲದ ಪಾಕ ಅಂಚಿನಲ್ಲಿ ಸುಡುವ ವಾಸನೆ ಬಂತು ಅಂದರೆ "ಇಳಿಸು" ಅನ್ನುತ್ತಿದ್ದಳು. "ಇನ್ನೂ ಸ್ವಲ್ಪ ಬೇಕಲ್ವಾ?" ಅಂದರೆ, "ಉಳಿದದ್ದು ಅದೇ ಬೆಂದುಕೊಳ್ತದೆ" ಅನ್ನುತ್ತಿದ್ದಳು. ಅದು ಖಂಡಿತ ನಿಜ. ಒಲೆಯಿಂದ ಇಳಿಸಿದ ಮೇಲೂ ಬೀಜ ತನ್ನ ಬಿಸಿಯಲ್ಲೇ ಬೇಯುತ್ತಿರುತ್ತದೆ. ಹಾಗಾಗಿ ತಕ್ಷಣ ಮೊರಕ್ಕೆ ಸುರಿದು ಬೀಸಬೇಕು. ತಡ ಮಾಡಿದರೆ ಕಹಿ.

ಈಗ ನಮ್ಮ ಪ್ಯಾಕೆಟ್ ಹಿಂದೆ ಇರುವುದು ನಾಲ್ಕು ಸಾಲು. 'ನಮಗೆ ತೋಟ ಇಲ್ಲ. ಅವ್ವ ತೋಟದಲ್ಲಿ ಹಣ್ಣು ಕೊಯ್ಯುತ್ತಿದ್ದಳು. ಬಾಗಿಲಲ್ಲಿ ನಿಂತು ವಾಸನೆಯಿಂದಲೇ ಹುರಿಯುವ ಹದ ಹೇಳುತ್ತಿದ್ದಳು. ಆ ಹದವನ್ನು ಅವಳಿಂದ ಕಲಿತು ಹುರಿದ ಕಾಫಿ ಇದು.'

ಮೊದಲನೇ ಸಾಲು ಬೇಡ ಅಂತ ಎಷ್ಟೋ ಜನ ಹೇಳಿದರು. ನಾನು ಬಿಡಲಿಲ್ಲ. ಆ ಸಾಲು ಓದಿಯೇ ಜನ ನಿಲ್ಲುತ್ತಾರೆ. ನಿಂತು ಮೂರನೇ ಪ್ರಶ್ನೆ ಕೇಳುತ್ತಾರೆ. "ಯಾವ ವಾಸನೆ?" ಅಂತ. ನಾನು ಮೂರು ಡಬ್ಬಿ ಇಟ್ಟಿದ್ದೇನೆ. ಒಂದರಲ್ಲಿ ಹಸಿ ಬೀಜ, ಒಂದರಲ್ಲಿ ಅರ್ಧ ಹುರಿದದ್ದು, ಇನ್ನೊಂದರಲ್ಲಿ ಹದ ಬಂದದ್ದು. ಮೂಸಿ ನೋಡಿ ಅನ್ನುತ್ತೇನೆ. ಮೂಸಿದವರು ಮಾತಿಗೆ ಕೂರುತ್ತಾರೆ. ತಮ್ಮ ಅಜ್ಜಿ ಹುರಿಯುತ್ತಿದ್ದದ್ದು ಹೇಳುತ್ತಾರೆ. ಒಬ್ಬರು ಡಬ್ಬಿ ಕೈಯಲ್ಲೇ ಹಿಡಿದುಕೊಂಡು ಅತ್ತುಬಿಟ್ಟರು. ನಾನು ನನ್ನ ಕಥೆ ಹೇಳಿದರೆ ಅವರು ಅವರದ್ದು ಹೇಳಬೇಕು, ಆಗಲೇ ಅಲ್ಲಿ ಏನೋ ನಡೆದಿದೆ ಅಂತ ನನಗೆ ಅನಿಸುವುದು.

ಕಷ್ಟ ಹೇಳಲೇಬಾರದು ಅಂತ ನಾನು ಹೇಳುತ್ತಿಲ್ಲ. ಕಥೆಯಲ್ಲಿ ಬರುವವರನ್ನು ಕೇಳಿ ಹೇಳಿ ಅಂತ ಹೇಳುತ್ತಿದ್ದೇನೆ. ಅತ್ತೆಯ ಕಥೆಯಾದರೆ ಅತ್ತೆಯನ್ನು ಕೇಳಿ. ಹೋಂಸ್ಟೇಯಲ್ಲಿ ಅಡುಗೆ ಮಾಡುವ ಅಕ್ಕನ ಕಥೆಯಾದರೆ ಆ ಅಕ್ಕನನ್ನು ಕೇಳಿ. ತೀರಿಹೋದವರಾದರೆ, ಅವರು ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಾರೆ ಅಂದುಕೊಂಡು ಹೇಳಿ. ಕಣ್ಣೀರಿಗೆ ಮಣಿದು ಕೊಂಡವರು ಒಂದು ಸಲ ಕೊಳ್ಳುತ್ತಾರೆ. ಹದ ಗೊತ್ತಾದವರು ತಿಂಗಳು ತಿಂಗಳು ಬರುತ್ತಾರೆ. ಇದು ನನ್ನ ಅಂಗಡಿಯಲ್ಲಿ ಕಂಡದ್ದು.

ಕಥೆ ವಸ್ತುವಿನ ಒಳಗೇ ಇದ್ದರೆ ಇನ್ನೂ ಒಳ್ಳೆಯದು. ಬೆಂಗಳೂರಿನ ಎಂಟಿಆರ್ 1924ರಲ್ಲಿ ಶುರುವಾದ ಹೋಟೆಲು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ರವೆಯಲ್ಲಿ ಇಡ್ಲಿ ಮಾಡಿ ನೋಡಿದೆವು, ರವೆ ಇಡ್ಲಿ ಹುಟ್ಟಿದ್ದು ಹೀಗೆ ಅಂತ ಅವರು ಹೇಳಿಕೊಳ್ಳುತ್ತಾರೆ. ಪ್ಲೇಟ್ ಮುಂದಿಟ್ಟುಕೊಂಡು ಆ ಕಥೆ ಕೇಳಿದರೆ ಬಾಯಲ್ಲಿರುವ ರವೆಯೇ ಸಾಕ್ಷಿ.

ನಮ್ಮ ಪಕ್ಕದ ಹಾಸನದ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರನ್ನೇ ನೋಡಿ. ಸೇನೆ ಬಿಟ್ಟು ಊರಿಗೆ ಬಂದರು. ಹೇಮಾವತಿ ಅಣೆಕಟ್ಟಿನಿಂದ ಕುಟುಂಬದ ಜಮೀನು ಮುಳುಗಿತ್ತು. ಬದಲಿಗೆ ಸಿಕ್ಕ ಜಾವಗಲ್ ಹತ್ತಿರದ ಬರಡು ನೆಲದಲ್ಲಿ ಬೇಸಾಯಕ್ಕೆ ಇಳಿದರು, ರೇಷ್ಮೆ ಮಾಡಿದರು. ಆಮೇಲೆ 2003ರಲ್ಲಿ ಏರ್ ಡೆಕ್ಕನ್ ಹಾರಿಸಿದರು. ಅದರ ಗುರುತು ಆರ್.ಕೆ. ಲಕ್ಷ್ಮಣ್ ಅವರ ಶ್ರೀಸಾಮಾನ್ಯ. ಹಳ್ಳಿಯಿಂದ ಬಂದವನು ಸಾಮಾನ್ಯರಿಗಾಗಿ ವಿಮಾನ ತಂದ ಅನ್ನುವ ಮಾತಿಗೆ ಕಡಿಮೆ ಟಿಕೆಟ್ ದರ ಜೊತೆಗಿತ್ತು. ದರ ಜಾಸ್ತಿ ಇಟ್ಟು ಅದೇ ಕಥೆ ಹೇಳಿದ್ದರೆ ಯಾರು ಕೇಳುತ್ತಿದ್ದರು? ಮುಂದೆ ಆ ಕಂಪನಿ ಬೇರೆಯವರ ಕೈಗೆ ಹೋಗಿ ಹೆಸರೇ ಬದಲಾಯಿತು. ಜಾವಗಲ್ಲಿನ ಹೊಲದ ಕಥೆ ಮಾತ್ರ ಅವರ ಜೊತೆಯೇ ಉಳಿದಿದೆ.

ಇನ್ನು ಕಾನೂನಿನ ಮಾತು, ಬೇಗ ಹೇಳಿ ಮುಗಿಸುತ್ತೇನೆ. ಕಾಫಿ ಚಿಕೋರಿ ಮಿಶ್ರಣದಲ್ಲಿ ಕಾಫಿ ಕನಿಷ್ಠ 51 ಶೇಕಡಾ ಇರಬೇಕು. ಎಷ್ಟು ಕಾಫಿ, ಎಷ್ಟು ಚಿಕೋರಿ ಅಂತ ಪ್ಯಾಕೆಟ್ ಮೇಲೆ ಬರೆಯಬೇಕು. ಅವ್ವನ ಕಥೆ ದೊಡ್ಡದಾಗಿ ಹಾಕಿ ಚಿಕೋರಿ ಲೆಕ್ಕವನ್ನು ಮೂಲೆಗೆ ತಳ್ಳಿದರೆ ಅದು ಅವ್ವನಿಗೇ ಅವಮಾನ. 2019ರಲ್ಲಿ ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರೀಸ್ ಅರೇಬಿಕಾ ಎರಡಕ್ಕೂ ಭೌಗೋಳಿಕ ಗುರುತು, ಅಂದರೆ ಜಿಐ ಸಿಕ್ಕಿದೆ. ನಮ್ಮೂರಲ್ಲಿ ಹುರಿದ ಮಾತ್ರಕ್ಕೆ ಆ ಗುರುತು ಹಾಕಿಕೊಳ್ಳುವ ಹಾಗಿಲ್ಲ. ಆ ಸೀಮೆಯಲ್ಲೇ ಬೆಳೆದಿರಬೇಕು, ಬಳಸುವವರು ನೋಂದಾಯಿಸಿಕೊಂಡಿರಬೇಕು. ಹುಟ್ಟೂರಿನ ಹೆಸರಿಗೂ ಮರ್ಯಾದೆ ಇದೆ.

ಮತ್ತೆ, ಕಥೆ ಹಳೆಯದಾಗುತ್ತದೆ. ನಾವೀಗ ಬಾಣಲೆಯಲ್ಲಿ ಹುರಿಯುವುದಿಲ್ಲ. ಐದು ಕಿಲೋ ಹಿಡಿಯುವ ಡ್ರಮ್ ಇದೆ. ಅವ್ವನ ಬಾಣಲೆ ಅಂಗಡಿ ಗೋಡೆಯಲ್ಲಿ ತೂಗುತ್ತಿದೆ. ಅದರ ಫೋಟೋ ತೆಗೆಯುವವರಿಗೆ ನಾನೇ ಹೇಳುತ್ತೇನೆ, ಈಗ ಇದರಲ್ಲಿ ಹುರಿಯಲ್ಲ, ಮೆಷಿನ್ ಹಿಂದಿದೆ ಬನ್ನಿ ತೋರಿಸ್ತೀನಿ ಅಂತ. ಒಬ್ಬರಿಗೂ ಬೇಜಾರಾದದ್ದು ನಾನು ನೋಡಿಲ್ಲ.

ಇಲ್ಲಿಗೆ ನಿಲ್ಲಿಸುತ್ತೇನೆ. ಏನಾದರೂ ಕೇಳುವುದಿದ್ದರೆ ಕೇಳಿ.

(ಆಮೇಲೆ ನಡೆದ ಮಾತುಕತೆಯಲ್ಲಿ ಒಂದನ್ನು ಇಲ್ಲಿ ಸೇರಿಸುತ್ತಿದ್ದೇನೆ. ಕೊಪ್ಪದ ಕಡೆಯಿಂದ ಬಂದಿದ್ದ ಒಬ್ಬರು ಹಿಂದಿನ ಸಾಲಿನಲ್ಲಿ ಎದ್ದು ನಿಂತರು.)

"ಅಕ್ಕಾ, ನಿಮಗೆ ಕಥೆ ಇದೆ, ಹೇಳ್ತೀರಿ. ನಾನು ಹಲಸಿನ ಹಪ್ಪಳ ಮಾಡ್ತೀನಿ. ಎಲ್ಲರೂ ಮಾಡ್ತಾರೆ. ನಂದೇನೂ ಕಥೆ ಇಲ್ಲ."

"ವರ್ಷಕ್ಕೆ ಎಷ್ಟು ಮಾಡ್ತೀರಿ?"

"ಒಂದೊಂದು ವರ್ಷ ಒಂದೊಂದು ತರ. ಹೋದ ವರ್ಷ ಬೇಗ ಖಾಲಿ ಆಯ್ತು. ಅಂಗಡಿಯವರು ಬೈದರು."

"ಯಾಕೆ ಕಡಿಮೆ ಆಯ್ತು?"

"ಮರ ಕಡಿಮೆ ಬಿಡ್ತು. ಒಂದೇ ಮರ ಅಲ್ವಾ."

ಸಭೆಯಲ್ಲಿ ಒಂದಿಬ್ಬರು ತಿರುಗಿ ನೋಡಿದರು. ನಾನು ಕೇಳಿದೆ, "ಬೇರೆ ಮರದ ಕಾಯಿ ಯಾಕೆ ತಗೊಳ್ಳಲ್ಲ?"

"ಸುತ್ತಮುತ್ತ ಜಾಸ್ತಿ ಮೆತ್ತನೆ ತೊಳೆಯ ಅಂಬಲಿ ಹಲಸು ಅಕ್ಕಾ, ಹಪ್ಪಳಕ್ಕೆ ಅಷ್ಟು ಹೊಂದಲ್ಲ. ಕೊಟ್ಟಿಗೆ ಹಿಂದೆ ಇರೋದು ಗಟ್ಟಿ ತೊಳೆಯ ಬಕ್ಕೆ. ನಮ್ಮತ್ತೆ ಮದುವೆ ಆಗಿ ಬರುವಾಗ ತವರಿಂದ ಬೀಜ ತಂದು ಹಾಕಿದ್ದು. ಕಾಯಿ ಬಲಿತಿರಬೇಕು, ಹಣ್ಣಾಗಿರಬಾರದು. ಯಾವ ದಿನ ಇಳಿಸೋದು ಅಂತ ಈಗಲೂ ಅವರೇ ಬಂದು ತಟ್ಟಿ ನೋಡಿ ಹೇಳೋದು. ಕಣ್ಣು ಸರಿಯಾಗಿ ಕಾಣಲ್ಲ, ಕೈ ಹಿಡ್ಕೊಂಡು ಮರದ ಹತ್ರ ಕರ್ಕೊಂಡು ಹೋಗಬೇಕು."

"ತಟ್ಟಿದರೆ ಹೇಗೆ ಗೊತ್ತಾಗುತ್ತೆ?" ಅಂತ ಕೇಳಿದ್ದು ನಾನಲ್ಲ. ಮುಂದಿನ ಸಾಲಿನಲ್ಲಿದ್ದ ಹೋಂಸ್ಟೇಯವರೊಬ್ಬರು. ಅವರು ಕುರ್ಚಿಯಲ್ಲೇ ಪೂರ್ತಿ ಹಿಂದಕ್ಕೆ ತಿರುಗಿ ಕೂತಿದ್ದರು.

ಆಕೆ ಬಲಗೈ ಬೆರಳು ಮಡಚಿ, ಮುಂದಿದ್ದ ಕುರ್ಚಿಯ ಬೆನ್ನನ್ನು ಎರಡು ಸಲ ತಟ್ಟಿದರು. "ಹಸಿ ಕಾಯಿ ಹೀಗೆ ಗಟ್ಟಿ ಸದ್ದು ಕೊಡ್ತದೆ" ಅಂದರು. ಆಮೇಲೆ ಸ್ವಲ್ಪ ಯೋಚಿಸಿ, ಪಕ್ಕದಲ್ಲಿದ್ದ ತಮ್ಮ ಬಟ್ಟೆಯ ಚೀಲವನ್ನು ಮಡಿಲಿಗೆ ಎಳೆದುಕೊಂಡು ಅದರ ಮೇಲೆ ತಟ್ಟಿ ತೋರಿಸಿದರು. "ಬಲಿತದ್ದು ಹೀಗೆ."